ಇವಳದು ಹನ್ನೊಂದು, ನನ್ನದು ಒಂದು

ಫೆಬ್ರವರಿ 3, ಸೋಮವಾರ

ಇವಳಿಗೆ ಮೂರನೇ ಬಸಿರೂ ಹೋಯಿತು. ಶನಿವಾರ ಬೆಳಿಗ್ಗೆ ಸೊಂಟ ನೋವು ಅಂತ ಶುರುವಾಗಿದ್ದು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಎಂಟು ವಾರ. ಮೊದಲನೆಯದು ಏಳು ವಾರಕ್ಕೆ, ಎರಡನೆಯದು ಒಂಬತ್ತಕ್ಕೆ. ನಡುವೆ ಇವಳಿಗೆ ಒಂದು ನೆಗಡಿಯೂ ಬಂದಿಲ್ಲ. ನನಗಂತೂ ಆಸ್ಪತ್ರೆ ಅಂದರೆ ಅಲ್ಲಿನ ಲಿಫ್ಟ್ ರಿಪೇರಿ ಮಾಡಲು ಹೋಗುವ ಜಾಗ, ಅಷ್ಟೇ.

ಕಂಪನಿಯವರು ವರ್ಷವರ್ಷ ಕೊಡುವ ಡೈರಿ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ಬರೆಯೋಣ ಅನ್ನಿಸಿತು. ಹನ್ನೆರಡು ವರ್ಷದಿಂದ ಲಿಫ್ಟ್ ಕೆಲಸ ಮಾಡುತ್ತಿದ್ದೇನೆ. ನಿಂತ ಲಿಫ್ಟಿಗೆ ನಿಂತ ಕಾರಣ ಇದ್ದೇ ಇರುತ್ತದೆ. ಅದು ಸಿಗುವ ತನಕ ನನಗೆ ಊಟ ಸೇರುವುದಿಲ್ಲ.

ಹೋದ ತಿಂಗಳು ಒದ್ದೆ ಬಟ್ಟೆಯ ಬಕೆಟ್ ಹಿಡಿದುಕೊಂಡು ಮಹಡಿ ಹತ್ತಿದ್ದಳು. ಇಪ್ಪತ್ತೇಳನೇ ತಾರೀಕು ಪರದೆ ಬಟ್ಟೆಯ ಬಣ್ಣದ ವಿಚಾರಕ್ಕೆ ನಾವಿಬ್ಬರೂ ಗಂಟಲು ಹರಿಯುವ ಹಾಗೆ ಕೂಗಾಡಿದ್ದೆವು. ದಿನಕ್ಕೆ ಮೂರು ಲೋಟ ಕಾಫಿ. ಎಲ್ಲಕ್ಕಿಂತ ಹೆಚ್ಚಾಗಿ ಆ ಈಜುಕೊಳ. ಮಕ್ಕಳಿಗೆ ಈಜು ಕಲಿಸುತ್ತಾ ದಿನಕ್ಕೆ ನಾಲ್ಕು ಗಂಟೆ ನೀರಲ್ಲಿ ನಿಂತಿರುತ್ತಾಳೆ. ಸ್ವಲ್ಪ ಹುಷಾರಾಗಿ ಇರಬಹುದಿತ್ತು. ಇದನ್ನು ಬಾಯಿ ಬಿಟ್ಟು ಹೇಳಿಲ್ಲ, ಬರೆದಿದ್ದೇನೆ ಅಷ್ಟೇ.

ಫೆಬ್ರವರಿ 9, ಭಾನುವಾರ

ಅಮ್ಮ ಬಂದಿದ್ದಳು. ಎರಡು ಬೀದಿ ಆಚೆ ಇರುವವಳು, ಬಂದರೆ ಚಪ್ಪಲಿ ಬಿಡುವ ಮೊದಲೇ ಮಾತು ಶುರು.

"ಹೊತ್ತಿಲ್ಲ ಗೊತ್ತಿಲ್ಲ, ಯಾವಾಗ ನೋಡಿದ್ರೂ ನೀರಲ್ಲೇ. ಒಳಗಿರೋದಕ್ಕೆ ಶೀತ ಆಗಲ್ವಾ? ಮೊದಲು ಅದನ್ನ ಬಿಡಿಸು. ಬಿಟ್ಟ ಮೇಲೆ ನಿಲ್ಲದಿದ್ರೆ ನನ್ನ ಹೆಸರು ತೆಗೆದುಬಿಡು."

ಅವಳು ಹೋದ ಮೇಲೆ ನಾನು ಮೆತ್ತಗೆ ವಿಷಯ ತೆಗೆದೆ. "ಒಂದು ವರ್ಷ ರಜೆ ಹಾಕಿದ್ರೆ ಏನಾಗುತ್ತೆ?"

ಇವಳು ಟವೆಲ್ ಮಡಚುತ್ತಿದ್ದಳು. "ಬಿಟ್ರೆ ನಿಲ್ಲುತ್ತೆ ಅಂತ ಬರೆದು ಕೊಡ್ತೀಯಾ?"

"ಹಾಗಲ್ಲ, ಅಮ್ಮ ಹೇಳಿದ್ದು..."

"ನೀನು ಏನು ಹೇಳ್ತೀಯ, ಅದನ್ನ ಹೇಳು."

ನಾನು ಪೇಪರ್ ಕೈಗೆ ತೆಗೆದುಕೊಂಡೆ. ಟವೆಲ್ ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದಳು.

ಫೆಬ್ರವರಿ 20, ಗುರುವಾರ

ಹೊಸ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಅರವತ್ತರ ಹತ್ತಿರ ವಯಸ್ಸು. ಕನ್ನಡಕ ಹಣೆಯ ಮೇಲಿರುತ್ತದೆ, ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಾರೆ. ನನ್ನ ಪಟ್ಟಿಯನ್ನು ಒಂದೊಂದಾಗಿ ಹೇಳಿದೆ.

"ಬಕೆಟ್ ಎತ್ತಿದ್ದಕ್ಕೆ ಹೋಗಲ್ಲ," ಅಂದರು. "ಈಜಿದ್ದಕ್ಕೂ ಹೋಗಲ್ಲ. ಗಂಡ ಹೆಂಡತಿ ಜಗಳ ಆಡಿದ್ದಕ್ಕೆ ಹೋಗೋ ಹಾಗಿದ್ರೆ ಈ ಭೂಮಿ ಮೇಲೆ ಯಾರೂ ಹುಟ್ಟುತ್ತಿರಲಿಲ್ಲ."

ಇವಳು ಮೂರು ವಾರದಲ್ಲಿ ಮೊದಲನೇ ಸಲ ನಕ್ಕಳು. ನನಗೆ ನಗು ಬರಲಿಲ್ಲ. ಪಟ್ಟಿಯನ್ನೆಲ್ಲ ಅಳಿಸಿ ಹಾಕಿಬಿಟ್ಟರೆ ಹಿಡಿದುಕೊಳ್ಳಲು ಏನು ಉಳಿಯಿತು?

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಕ್ರೋಮೋಸೋಮುಗಳು ಹೆಚ್ಚುಕಡಿಮೆಯಾಗಿ ಹೋಗುವಂಥವು. ಅದರಲ್ಲಿ ಯಾರ ಕೈವಾಡವೂ ಇರುವುದಿಲ್ಲ. ಒಂದು ಸಲ ಆದರೆ ಸುಮ್ಮನಿರಬಹುದು, ಮೂರು ಸಲ ಆದಾಗ ಹುಡುಕಲೇಬೇಕು. ರಕ್ತ ಬೇಗ ಹೆಪ್ಪುಗಟ್ಟುವ ತೊಂದರೆ ಇದೆಯೇ, ಥೈರಾಯ್ಡ್ ಹೇಗಿದೆ, ಸಕ್ಕರೆ ಹೇಗಿದೆ, ಗರ್ಭಕೋಶದ ಒಳಗೆ ಅಡ್ಡಗೋಡೆಯಂಥದ್ದು ಏನಾದರೂ ಇದೆಯೇ, ಆಮೇಲೆ ಇಬ್ಬರ ಕ್ರೋಮೋಸೋಮುಗಳು ಸರಿಯಿವೆಯೇ.

"ಇಷ್ಟೆಲ್ಲ ನೋಡಿದ ಮೇಲೂ ಸುಮಾರು ಅರ್ಧ ಜನಕ್ಕೆ ಕಾರಣವೇ ಸಿಗೋದಿಲ್ಲ. ಅದನ್ನ ಈಗಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ಮೇಲೆ ಸಿಟ್ಟಾಗಬಾರದು."

ಇವಳ ಕೈಯಿಂದ ಹನ್ನೊಂದು ಟ್ಯೂಬು ರಕ್ತ ತೆಗೆದರು. ಎಣಿಸಿದೆ. ನನ್ನದು ಒಂದೇ ಒಂದು ಟ್ಯೂಬು ಬೇಕಿತ್ತು. "ನೀವೂ ಇವತ್ತೇ ಕೊಟ್ಟುಬಿಡಿ," ಅಂದರು ನರ್ಸ್.

ಸೈಟಿಗೆ ಅರ್ಜೆಂಟಾಗಿ ಹೋಗಬೇಕು, ಮುಂದಿನ ವಾರ ಬರುತ್ತೇನೆ ಅಂದೆ. ಸೈಟಿಗೆ ಹೋಗಬೇಕಿದ್ದದ್ದು ನಿಜ. ಅರ್ಜೆಂಟ್ ಏನೂ ಇರಲಿಲ್ಲ.

ಮಾರ್ಚ್ 14, ಶುಕ್ರವಾರ

ಇವಳ ರಿಪೋರ್ಟುಗಳು ಬಂದವು. ಎಲ್ಲ ಸರಿ. ಸ್ಕ್ಯಾನಿಂಗಿನಲ್ಲೂ ಎಲ್ಲ ಸರಿ. ಹೆಪ್ಪುಗಟ್ಟುವ ಪರೀಕ್ಷೆ ಒಂದನ್ನು ಮಾತ್ರ ಹನ್ನೆರಡು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕಂತೆ. ಒಳ್ಳೆಯ ಸುದ್ದಿ ತಾನೇ? ಆದರೂ ನನಗೇಕೋ ಕಸಿವಿಸಿ.

"ನೀನು ಯಾವಾಗ ಹೋಗ್ತೀಯ?"

"ಮಾಲ್‌ನ ಕೆಲಸ ಮುಗೀಲಿ."

ಏಪ್ರಿಲ್ 8, ಮಂಗಳವಾರ

ಮಾಲ್‌ನ ಕೆಲಸ ಮುಗಿದು ಹತ್ತು ದಿನವಾಯಿತು.

ಇವತ್ತು ಸ್ಪ್ರಿಂಗ್ ಅಣ್ಣನ ಜೊತೆ ಲಿಫ್ಟಿನ ತಲೆಯ ಮೇಲೆ ನಿಂತು ಹಗ್ಗಕ್ಕೆ ಎಣ್ಣೆ ಹಾಕುತ್ತಿದ್ದೆ. ನಮ್ಮ ಸೀನಿಯರ್ ಅವರು. ನೆಗೆದು ನೆಗೆದು ನಡೆಯುತ್ತಾರೆ, ಅದಕ್ಕೆ ಆ ಹೆಸರು. ಕೇಳುತ್ತಾ ಕೇಳುತ್ತಾ ನನ್ನಿಂದ ಎಲ್ಲ ಬಾಯಿ ಬಿಡಿಸಿದರು.

"ಹೆಂಡತಿದು ಹನ್ನೊಂದು ಟ್ಯೂಬು, ನಿನ್ನದು ಒಂದು. ಹದಿನಾಲ್ಕನೇ ಮಹಡಿ ಮೇಲೆ ಬಾವಲಿ ಥರ ನೇತಾಡ್ತೀಯ, ಒಂದು ಸೂಜಿಗೆ ಹೆದರ್ತೀಯಾ?"

"ಸೂಜಿಗಲ್ಲ ಅಣ್ಣ."

"ಮತ್ತೆ?"

ಕೆಳಗಡೆಯಿಂದ ಯಾರೋ ಲಿಫ್ಟ್ ಯಾವಾಗ ಬರುತ್ತೆ ಅಂತ ಕೂಗಿದರು. ಉತ್ತರ ತಪ್ಪಿತು. ಬದುಕಿದೆ.

ಮೇ 23, ಶುಕ್ರವಾರ

ಎರಡನೇ ಸಲದ ರಿಪೋರ್ಟೂ ಸರಿಯಿದೆ. ಇವಳು ಅದನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಊಟ ಬಡಿಸಿ, ಎದುರಿಗೆ ಕೂತು, ತಾನೂ ಉಂಡಳು. ಬೈದಿದ್ದರೆ ಚೆನ್ನಾಗಿತ್ತು.

ಮೇ 24, ಶನಿವಾರ

ರಕ್ತ ಕೊಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಜೂನ್ 17, ಮಂಗಳವಾರ

ರಿಪೋರ್ಟ್ ಬಂದಿದೆ ಅಂತ ಫೋನ್ ಬಂತು. ಒಬ್ಬನೇ ಹೋದೆ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ನಾಲ್ಕು ಕಡ್ಡಿ ಬರೆದರು, ಎರಡು ಕೆಂಪು, ಎರಡು ನೀಲಿ. "ಇವು ಕ್ರೋಮೋಸೋಮು ಅಂದ್ಕೊಳ್ಳಿ. ನಿಮ್ಮಲ್ಲಿ ಒಂದು ಕೆಂಪಿನ ತುದಿ ನೀಲಿಗೆ ಸೇರಿದೆ, ಆ ನೀಲಿಯ ತುದಿ ಕೆಂಪಿಗೆ ಸೇರಿದೆ. ಅದಲುಬದಲು. ಏನೂ ಕಳೆದುಹೋಗಿಲ್ಲ, ಅದಕ್ಕೇ ನೀವು ಗುಂಡುಕಲ್ಲಿನ ಹಾಗಿದ್ದೀರಿ. ಆದ್ರೆ ಮಗುವಿಗೆ ಕೊಡುವಾಗ ನೀವು ಅರ್ಧ ಮಾತ್ರ ಕೊಡೋದು ನೋಡಿ. ಆಗ ಕೆಲವು ಸಲ ಒಂದು ತುಂಡು ಹೆಚ್ಚಾಗುತ್ತೆ, ಒಂದು ತುಂಡು ಕಡಿಮೆಯಾಗುತ್ತೆ. ಅಂಥ ಬಸಿರು ಹೆಚ್ಚಾಗಿ ನಿಲ್ಲೋದಿಲ್ಲ."

"ಅಂದ್ರೆ ಮೂರೂ..."

"ಮೂರೂ ಇದರಿಂದಲೇ ಅಂತ ಆಣೆ ಮಾಡಲಾರೆ. ಆದ್ರೆ ಹುಡುಕ್ತಾ ಇದ್ದ ಕಾರಣ ಇದೇ ಇರಬಹುದು. ಇದು ತಪ್ಪಲ್ಲ, ಗೊತ್ತಾಯ್ತಾ? ಹುಟ್ಟಿದಾಗಿನಿಂದ ನಿಮ್ಮ ಜೊತೆಗಿದೆ. ಮುಂದಿನ ವಾರ ಇಬ್ಬರೂ ಬನ್ನಿ."

ತಪ್ಪಲ್ಲ ಅಂದರು. ಹಾಗಾದರೆ ನನ್ನ ಮುಖ ಯಾಕೆ ಅಷ್ಟು ಬಿಸಿಯಾಯಿತು?

ರಿಪೋರ್ಟನ್ನು ಟೂಲ್ ಬ್ಯಾಗಿನ ತಳದಲ್ಲಿ ಇಟ್ಟಿದ್ದೇನೆ. ಇನ್ನೂ ಬಂದಿಲ್ಲ ಅಂತ ಹೇಳಿದೆ.

ಜೂನ್ 19, ಗುರುವಾರ

ಹೇಳಲಿಲ್ಲ.

ಜೂನ್ 22, ಭಾನುವಾರ

ಅಮ್ಮ ಊಟಕ್ಕೆ ಬಂದಿದ್ದಳು. ಊಟವಾದ ಮೇಲೆ ಇವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಮ್ಮ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ದನಿ ತಗ್ಗಿಸಿದೆ ಅಂದುಕೊಂಡು, ಹೇಳಿದಳು.

"ನಿನಗಿನ್ನೂ ಮೂವತ್ತಾರು. ಒಳ್ಳೆ ಹುಡುಗಿನೇ, ನಾನು ಇಲ್ಲ ಅನ್ನಲ್ಲ. ಆದ್ರೆ ಹೇಳಿದ ಮಾತು ಕೇಳೋಳಲ್ಲ, ನೀರು ಬಿಡೋಳಲ್ಲ. ಎಷ್ಟು ದಿನ ಅಂತ ಕಾಯ್ತೀಯ? ಬೇರೆ ದಾರಿನೂ ಇರುತ್ತೆ ಗಂಡಸಿಗೆ. ಯೋಚನೆ ಮಾಡು."

ನಲ್ಲಿಯ ಸದ್ದು ನಿಂತಿತು. ಒಂದು ಲೋಟ ಬಿದ್ದಿದ್ದರೂ ವಾಸಿ, ಏನೂ ಬೀಳಲಿಲ್ಲ. ಆಮೇಲೆ ನಲ್ಲಿ ಮತ್ತೆ ತಿರುಗಿತು.

ಟೂಲ್ ಬ್ಯಾಗು ನನ್ನ ಕಾಲಿನ ಹತ್ತಿರವೇ ಇತ್ತು. ನಾನು ಪೇಪರ್ ಓದುತ್ತಿದ್ದವನು ಪೇಪರನ್ನೇ ನೋಡುತ್ತಿದ್ದೆ. ಹವಾಮಾನದ ಪುಟ.

ಜೂನ್ 24, ಮಂಗಳವಾರ

ಹೇಳಿದೆ. ಕೆಲಸದಿಂದ ಬಂದವನೇ ಬ್ಯಾಗಿನಿಂದ ತೆಗೆದು ಇವಳ ಕೈಗೆ ಕೊಟ್ಟೆ. ಗ್ರೀಸ್ ಮೆತ್ತಿಕೊಂಡಿತ್ತು. ನಿಂತುಕೊಂಡೇ ಓದಿದಳು. ಕೆಂಪು ಕಡ್ಡಿ, ನೀಲಿ ಕಡ್ಡಿಯ ಕಥೆ ಹೇಳಿದೆ. ಇವಳ ಮುಖದಲ್ಲಿ ಸಿಟ್ಟೇನೂ ಕಾಣಲಿಲ್ಲ, ನನ್ನ ಭುಜದ ಮೇಲೆ ಕೈಯನ್ನೂ ಇಟ್ಟಳು.

"ಯಾವತ್ತು ಗೊತ್ತಾಯ್ತು?"

"ಮಂಗಳವಾರ."

"ಇವತ್ತಾ?"

"ಹೋದ ಮಂಗಳವಾರ."

ಕೈ ತೆಗೆದಳು. "ಹಾಗಾದ್ರೆ ಭಾನುವಾರ ನಿನಗೆ ಗೊತ್ತಿತ್ತು."

ಅಷ್ಟೇ ಮಾತು. ಚೀಲಕ್ಕೆ ನಾಲ್ಕು ಬಟ್ಟೆ, ಈಜುಡುಗೆ, ಸೀಟಿ ಹಾಕಿಕೊಂಡು ತನ್ನ ಅಕ್ಕನ ಮನೆಗೆ ಹೋದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು, ಯಾರೋ ಮಲಗಿದ್ದಾರೆ ಅನ್ನುವ ಹಾಗೆ.

ಜೂನ್ 27, ಶುಕ್ರವಾರ

ಬ್ರೆಡ್ಡು. ಬೆಳಿಗ್ಗೆಯೂ ಬ್ರೆಡ್ಡು.

ಜುಲೈ 1, ಮಂಗಳವಾರ

ಈಜುಕೊಳಕ್ಕೆ ಹೋದೆ. ಮದುವೆಯಾಗಿ ಆರು ವರ್ಷ, ಇವಳು ಕಲಿಸುವುದನ್ನು ಒಂದು ದಿನವೂ ಕೂತು ನೋಡಿಲ್ಲ. ಆರೇಳು ವರ್ಷದ ಒಂದು ಹುಡುಗಿ ನೀರಿಗೆ ಹೆದರಿ ಇವಳ ಕತ್ತಿಗೆ ಜೋತುಬಿದ್ದಿದ್ದಳು. ಇವಳಿಗೆ ಅವಸರವೇ ಇಲ್ಲ. "ಕಿವಿ ಒದ್ದೆ ಆಗುತ್ತೆ, ಆಗಲಿ ಬಿಡು. ಮೇಲೆ ಏನು ಕಾಣುತ್ತೆ ಹೇಳು? ಫ್ಯಾನಾ? ಎಷ್ಟು ರೆಕ್ಕೆ?" ರೆಕ್ಕೆ ಎಣಿಸುತ್ತಾ ಎಣಿಸುತ್ತಾ ಆ ಮಗು ತಾನಾಗಿ ತೇಲಿತು.

ಅರ್ಧ ಗಂಟೆ ಆದಮೇಲೆ ಟವೆಲ್ ಹೊದ್ದುಕೊಂಡು ಬಂದು ಬೆಂಚಿನ ಆಚೆ ತುದಿಯಲ್ಲಿ ಕೂತಳು.

"ನನ್ನದು ತಪ್ಪಾಯ್ತು," ಅಂದೆ.

"ನಿನ್ನ ರಕ್ತದಲ್ಲಿ ಇರೋದಕ್ಕೆ ನಾನು ಬೇಜಾರು ಮಾಡಿಕೊಂಡಿಲ್ಲ. ನನ್ನದೇ ಆಗಿದ್ರೂ ಆಗಬಹುದಿತ್ತು. ನಾಲ್ಕು ತಿಂಗಳು ನನ್ನದೇ ಅಂತ ಎಲ್ಲರೂ ಅಂದಾಗ ನಾನು ಹೇಗಿದ್ದೆ ಅಂತ ಒಂದು ಸಲ ಕೇಳಿದ್ಯಾ?"

"ಇಲ್ಲ."

"ನನ್ನ ಹತ್ರ ತಪ್ಪಾಯ್ತು ಅನ್ನೋದು ಸುಲಭ. ಹೇಳಬೇಕಾದೋರ ಹತ್ರ ಹೇಳು."

ಸೀಟಿ ಊದಿದಳು. ಮುಂದಿನ ಬ್ಯಾಚ್ ನೀರಿಗೆ ಧುಮುಕಿತು. ನನ್ನ ಪ್ಯಾಂಟೆಲ್ಲ ಒದ್ದೆ.

ಜುಲೈ 6, ಭಾನುವಾರ

ಅಮ್ಮನ ಮನೆಗೆ ಹೋದೆ. ಅವಳು ಕಿಟಕಿಯ ಹತ್ತಿರ ಕೂತು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ಪೋಣಿಸಿಕೊಟ್ಟೆ. ಆಮೇಲೆ ಎಲ್ಲ ಹೇಳಿದೆ. ಕಾರಣ ಇವಳಲ್ಲ, ನಾನು, ನೀರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ ಅಂದೆ. ನನಗೆ ಗೊತ್ತಿದ್ದೂ ಹೋದ ಭಾನುವಾರದ ಹಿಂದಿನ ಭಾನುವಾರ ನಿನ್ನ ಮಾತು ಕೇಳಿಕೊಂಡು ಬಾಯಿ ಮುಚ್ಚಿಕೊಂಡಿದ್ದೆ ಅಂತಲೂ ಹೇಳಿದೆ.

ಜಗಳಕ್ಕೆ ಬರುತ್ತಾಳೆ, ಡಾಕ್ಟರಿಗೆ ಏನು ಗೊತ್ತು ಅನ್ನುತ್ತಾಳೆ ಅಂದುಕೊಂಡು ತಯಾರಾಗಿ ಹೋಗಿದ್ದೆ. ಅವಳು ಕೇಳಿದ್ದೇ ಬೇರೆ.

"ಹುಟ್ಟಿನಿಂದಲೇ ಬಂದಿದ್ದು ಅಂದ್ಯಲ್ಲ. ಎಲ್ಲಿಂದ ಬಂತು?"

"ಕೆಲವರಿಗೆ ತಾನಾಗಿ ಬರುತ್ತಂತೆ. ಕೆಲವರಿಗೆ ಅಪ್ಪನಿಂದಲೋ ಅಮ್ಮನಿಂದಲೋ."

ಅಮ್ಮ ಬಹಳ ಹೊತ್ತು ಬಟ್ಟೆಯ ಅಂಚನ್ನು ಉಗುರಿನಿಂದ ತೀಡಿದಳು. "ನಿನಗಿಂತ ಮುಂಚೆ ನನಗೆ ಮೂರು ಹೋಗಿತ್ತು."

ಮೂವತ್ತಾರು ವರ್ಷದಲ್ಲಿ ಈ ಮಾತು ನಾನು ಕೇಳಿದ್ದು ಇದೇ ಮೊದಲು.

"ಆಗ ಹೊಲಿಗೆ ಮಾಡ್ತಿದ್ದೆ. ಮದುವೆ ಸೀಸನ್ ಬಂತು ಅಂದ್ರೆ ನನ್ನ ಬಾಗಿಲಲ್ಲಿ ಹೆಂಗಸರು ಸಾಲು ನಿಲ್ಲೋರು. ನಿಮ್ಮಜ್ಜಿ ಅಂದ್ರು, ಕಾಲಲ್ಲಿ ಮಿಷನ್ ತುಳಿದೂ ತುಳಿದೂ ಬಸಿರು ಅಲುಗಾಡುತ್ತೆ ಅಂತ. ನಿಮ್ಮಪ್ಪ ಏನೂ ಅನ್ನಲಿಲ್ಲ. ಮಿಷನ್ ಮಾರಿಬಿಟ್ಟೆ. ಮಾರಿದ ವರ್ಷವೇ ನೀನು ಹುಟ್ಟಿದೆ. ನಾನು ನಂಬಿದೆ ಕಣೋ. ನಂಬದೆ ಏನು ಮಾಡಲಿ? ಅದಕ್ಕೇ ಅವಳಿಗೂ ಹೇಳಿದ್ದು, ಬಿಡು, ಬಿಟ್ರೆ ಸಿಗುತ್ತೆ ಅಂತ."

ಆಮೇಲೆ ನನ್ನ ಕಡೆ ತಿರುಗಿದಳು. "ಹಾಗಾದ್ರೆ ನಾನು ಮಿಷನ್ ಮಾರಿದ್ದು ಸುಮ್ಮನೆನಾ?"

ಹೌದು ಅನ್ನುವುದು ಹೇಗೆ? ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಬೇಕಿದ್ದರೆ ನಿನ್ನ ರಕ್ತವನ್ನೂ ಪರೀಕ್ಷೆ ಮಾಡಿಸಬಹುದು, ನಿನ್ನ ಕಡೆಯದೋ ಅಲ್ಲವೋ ಗೊತ್ತಾಗುತ್ತೆ ಅಂದೆ.

"ಬೇಡ. ನಿಮ್ಮಪ್ಪ ಹೋಗಿ ಎಂಟು ವರ್ಷ ಆಯ್ತು. ಈಗ ಗೊತ್ತುಮಾಡಿಕೊಂಡು ಯಾರನ್ನ ಬೈಯಲಿ?"

ಜುಲೈ 9, ಬುಧವಾರ

ಕೆಲಸ ಮುಗಿಸಿ ಬಂದರೆ ಮನೆಯ ಬೀಗ ತೆರೆದಿತ್ತು. ಇವಳು ಸಿಂಕಿನಲ್ಲಿ ನಾನು ಗುಡ್ಡೆ ಹಾಕಿದ್ದ ಪಾತ್ರೆಗಳನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಅತ್ತೆ ಈಜುಕೊಳಕ್ಕೆ ಬಂದಿದ್ರು."

"ಏನಂದ್ರು?"

"ಒಂದು ಗಂಟೆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ರು. ಏಳುವಾಗ, ನೀನು ಇದನ್ನ ಬಿಡಬೇಡ ಅಂದ್ರು. ಅಷ್ಟೇ. ಗೇಟಿನ ಹತ್ರ ಹೋಗಿ ಮತ್ತೆ ವಾಪಸ್ ಬಂದು, ಯಾರು ಹೇಳಿದ್ರೂ ಬಿಡಬೇಡ, ನಾನು ಹೇಳಿದ್ರೂ, ಅಂದ್ರು."

ನಾನು ಪಾತ್ರೆ ತೊಳೆಯಲು ಹೋದೆ.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ," ಅಂದಳು. "ಸಿಟ್ಟಿನ ಜೊತೆಗೇ ಬಂದಿದೀನಿ. ಅದಕ್ಕೂ ಜಾಗ ಬೇಕು."

"ಇರಲಿ ಬಿಡು," ಅಂದೆ.

ಜುಲೈ 24, ಗುರುವಾರ

ಇಬ್ಬರೂ ಡಾಕ್ಟರಮ್ಮನ ಹತ್ತಿರ ಹೋದೆವು. ಇದಕ್ಕೆ ಔಷಧಿ ಇಲ್ಲ. ಲ್ಯಾಬಿನಲ್ಲಿ ಭ್ರೂಣ ಬೆಳೆಸಿ, ಪರೀಕ್ಷೆ ಮಾಡಿ, ಸರಿಯಿರುವುದನ್ನು ಮಾತ್ರ ಒಳಗಿಡುವ ದಾರಿ ಒಂದು. ಹೀಗೇ ಪ್ರಯತ್ನ ಮಾಡುತ್ತಾ ಹೋಗುವುದು ಇನ್ನೊಂದು.

"ನಿಮ್ಮಂಥವರಲ್ಲಿ ಹೆಚ್ಚಿನವರಿಗೆ ಕೊನೆಗೆ ಮಗು ಆಗುತ್ತೆ. ನಡುವೆ ಇನ್ನೆಷ್ಟು ಹೋಗುತ್ತೆ ಅಂತ ಮಾತ್ರ ನಾನು ಹೇಳಲಾರೆ."

ಬಸ್ಸಿನಲ್ಲಿ ನಾನಂದೆ, "ನೀನು ಹೇಗೆ ಹೇಳ್ತೀಯೋ ಹಾಗೆ."

"ಎಲ್ಲಾನೂ ನನ್ನ ತಲೆಗೇ ಕಟ್ಟಬೇಡ. ನೀನೂ ಬಾಯಿ ಬಿಡು."

ನನಗೆ ಹೆದರಿಕೆ ಅಂದೆ. ಇನ್ನೊಂದು ಹೋದರೆ ನನ್ನಿಂದ ಹೋಯಿತು ಅಂತ ಗೊತ್ತಿದ್ದೂ ನಿನ್ನ ಮುಖ ಹೇಗೆ ನೋಡಲಿ ಅಂದೆ. ಆದರೂ ಹೀಗೇ ಇನ್ನೊಂದು ಸಲ ನೋಡೋಣ ಅನ್ನಿಸುತ್ತೆ ಅಂದೆ. ಇವಳು ಕಿಟಕಿಯ ಆಚೆ ನೋಡುತ್ತಾ, "ನನಗೂ," ಅಂದಳು.

ಸೆಪ್ಟೆಂಬರ್ 2, ಮಂಗಳವಾರ

ಬಸಿರಿನ ಟೆಸ್ಟಿನಲ್ಲಿ ಎರಡು ಗೆರೆ ಬಂದಿದೆ. ಯಾರಿಗೂ ಹೇಳಿಲ್ಲ. ನಾವೂ ಜೋರಾಗಿ ಹೇಳಿಕೊಂಡಿಲ್ಲ.

ಸೆಪ್ಟೆಂಬರ್ 29, ಸೋಮವಾರ

ನಮ್ಮ ನಾಲ್ಕನೆಯದೂ ಹೋಯಿತು. ನಿನ್ನೆ ಬೆಳಿಗ್ಗೆ.

ಬಚ್ಚಲಿನ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದೆ. ಆಮೇಲೆ ಇವಳು ಬಾಗಿಲು ತೆಗೆದಳು, ಒಳಗೇ ಹೋಗಿ ಪಕ್ಕದಲ್ಲಿ ಕೂತೆ. ಬಿಸಿನೀರು ಕಾಯಿಸಿದೆ. ಚಾದರ ಬದಲಾಯಿಸಿದೆ. ಮಧ್ಯಾಹ್ನ ಇಬ್ಬರೂ ಅತ್ತೆವು, ಒಬ್ಬರಾದ ಮೇಲೆ ಒಬ್ಬರಲ್ಲ, ಒಟ್ಟಿಗೇ.

ಇವತ್ತು ಬೆಳಿಗ್ಗೆ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಬಸಿರು ಹೋಗಿದೆ, ನಾಲ್ಕು ದಿನ ಬರುವುದಿಲ್ಲ ಅಂದೆ.

"ಅಯ್ಯೋ, ಹೆಂಡತಿಗಾ?"

"ಇಬ್ಬರಿಗೂ," ಅಂದೆ.

ಸಂಜೆ ಅಮ್ಮ ಬಂದಳು. ಒಂದೂ ಬುದ್ಧಿಮಾತು ಹೇಳಲಿಲ್ಲ. ಇವಳ ಕಾಲು ಒತ್ತುತ್ತಾ ಕೂತಿದ್ದಳು. ಬೇಡ ಅತ್ತೆ ಅಂದರೂ ಕೇಳಲಿಲ್ಲ. "ನನಗೆ ಆದಾಗ ಯಾರೂ ಒತ್ತಿರಲಿಲ್ಲ. ಸುಮ್ನಿರು."

ಜನವರಿ 27, ಮಂಗಳವಾರ

ವರ್ಷ ಬದಲಾಯಿತು. ಕಂಪನಿ ಈ ಸಲ ಡೈರಿ ಕೊಡಲಿಲ್ಲ, ಹಳೆಯದರ ಕೊನೆಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಮತ್ತೆ ಎರಡು ಗೆರೆ.

ಫೆಬ್ರವರಿ 17, ಮಂಗಳವಾರ

ಸ್ಕ್ಯಾನಿಂಗಿನಲ್ಲಿ ಎದೆಬಡಿತ ಕಂಡಿತು. ಏಳೂವರೆ ವಾರ. ಎರಡನೆಯದಕ್ಕೂ ಕಂಡಿತ್ತು, ಆದ್ದರಿಂದ ನಾವು ಕುಣಿದಾಡಲಿಲ್ಲ. ಹೊರಗೆ ಬಂದು ಒಂದೊಂದು ಕಾಫಿ ಕುಡಿದೆವು.

ಮಾರ್ಚ್ 20, ಶುಕ್ರವಾರ

ಹನ್ನೆರಡು ವಾರ. ಇಷ್ಟು ದೂರ ನಾವು ಯಾವತ್ತೂ ಬಂದಿರಲಿಲ್ಲ. ಹೊಟ್ಟೆಯ ಮೂಲಕ ಸೂಜಿ ಹಾಕಿ ಹೊಕ್ಕುಳಬಳ್ಳಿ ಸೇರುವ ಮಾಸಿನ ಒಂದು ಚೂರು ತೆಗೆದರು. ಮಗುವಿನ ಕ್ರೋಮೋಸೋಮು ನೋಡಲು. ಸೂಜಿ ಉದ್ದವಿತ್ತು. ಇವಳು ನನ್ನ ಹೆಬ್ಬೆರಳು ಹಿಡಿದುಕೊಂಡಿದ್ದಳು, ಈಗಲೂ ನೋಯುತ್ತಿದೆ. ಎರಡು ವಾರ ಕಾಯಬೇಕು.

ಮಾರ್ಚ್ 27, ಶುಕ್ರವಾರ

ಸ್ಪ್ರಿಂಗ್ ಅಣ್ಣ ಇವತ್ತು ನನ್ನನ್ನು ಲಿಫ್ಟಿನ ಮೇಲೆ ಹತ್ತಗೊಡಲಿಲ್ಲ. "ನಿನ್ನ ತಲೆ ಇಲ್ಲಿಲ್ಲ. ಕೆಳಗೆ ಕೂತು ನಟ್ಟು ಎಣಿಸು," ಅಂದರು. ಎಣಿಸಿದೆ. ಎರಡು ಸಲ ಎಣಿಸಿದರೆ ಎರಡು ಲೆಕ್ಕ.

ಏಪ್ರಿಲ್ 2, ಗುರುವಾರ

ಡಾಕ್ಟರಮ್ಮ ಕನ್ನಡಕ ಹುಡುಕಲಿಲ್ಲ, ಮೂಗಿನ ಮೇಲೇ ಇತ್ತು. ಅದು ನನಗೆ ಒಳ್ಳೆಯ ಲಕ್ಷಣ ಅನ್ನಿಸಲಿಲ್ಲ.

"ಮಗುವಿಗೂ ಆ ಅದಲುಬದಲು ಬಂದಿದೆ," ಅಂದರು.

ನಾನು ನೆಲ ನೋಡುತ್ತಿದ್ದೆ.

"ಪೂರ್ತಿ ಕೇಳಿ. ಎರಡು ತುಂಡೂ ಬಂದಿದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಿಮಗೆ ಹೇಗಿದೆಯೋ ಹಾಗೇ."

"ಅಂದ್ರೆ?" ಕೇಳಿದ್ದು ಇವಳು.

"ಅಂದ್ರೆ ಇವರ ಹಾಗೆ. ಚೆನ್ನಾಗಿದೆ. ದೊಡ್ಡದಾಗಿ, ಮದುವೆಯಾಗಿ, ಮಕ್ಕಳು ಬೇಕು ಅಂದಾಗ ನೀವು ಕೂತ ಕುರ್ಚಿಯಲ್ಲಿ ಬಂದು ಕೂರಬೇಕಾಗಬಹುದು. ಅಲ್ಲಿಯವರೆಗೆ ಗುಂಡುಕಲ್ಲು."

ಎದ್ದವನು ಮತ್ತೆ ಕೂತೆ. ನರ್ಸ್ ನೀರು ತಂದುಕೊಟ್ಟಿದ್ದು ನನಗೆ. ಇವಳು ನನ್ನ ಬೆನ್ನು ಸವರುತ್ತಾ, "ನಿನ್ನ ಹಾಗೇ ಅಂತೆ. ಪಾತ್ರೆ ಗುಡ್ಡೆ ಹಾಕೋಕೆ ಇನ್ನೊಬ್ಬರು," ಅಂದಳು.

ಬಸ್ಸಿನಲ್ಲಿ ಇವಳು ಕೇಳಿದಳು, "ಯಾವಾಗ ಹೇಳೋಣ?"

"ಇವತ್ತೇ. ಅಮ್ಮ ಬೆಳಿಗ್ಗೆಯಿಂದ ಕಾಯ್ತಾ ಇದ್ದಾಳೆ."

"ಅತ್ತೆಗಲ್ಲ." ತನ್ನ ಹೊಟ್ಟೆಯ ಕಡೆ ನೋಡಿದಳು. "ಇದಕ್ಕೆ."

ಹದಿನೆಂಟು ತುಂಬಿದ ಮೇಲೆ ಅಂದೆ. ಅಷ್ಟು ತಡವಾ ಅಂದಳು. ಹಾಗಾದರೆ ಹದಿನೈದು ಅಂದೆ. ಹದಿನೈದಕ್ಕೆ ಅಪ್ಪ ಅಮ್ಮನ ಮಾತು ಯಾರು ಕೇಳ್ತಾರೆ ಅಂದಳು. ಮೊದಲು ಯಾರು ಬಾಯಿ ತೆಗೆಯಬೇಕು ಅನ್ನುವ ಮಾತು ಬಂತು. ನಾನು ಅಂದೆ. ನೀನು ಕೆಂಪು ಕಡ್ಡಿ, ನೀಲಿ ಕಡ್ಡಿ ಅಂತ ಶುರು ಮಾಡಿದರೆ ಮಗು ಓಡಿಹೋಗುತ್ತೆ ಅಂದಳು. ನಾಲ್ಕು ಹೋಗಿದ್ದನ್ನೂ ಹೇಳೋಣವಾ ಅಂದೆ. ಹೇಳಲೇಬೇಕು, ಅವೂ ಇದರ ಮನೆಯವರೇ ತಾನೇ ಅಂದಳು. ಮಾತಿನ ನಡುವೆ ನಮ್ಮ ಸ್ಟಾಪು ಹೋಗಿದ್ದೇ ಗೊತ್ತಾಗಲಿಲ್ಲ. ಎರಡು ಸ್ಟಾಪು ಆಚೆ ಇಳಿದು, ಬಿಸಿಲಿನಲ್ಲಿ ನಿಧಾನವಾಗಿ ನಡೆದುಕೊಂಡು ವಾಪಸ್ ಬಂದೆವು.